ಬುಲೆಟ್‌ನ ಟ್ಯಾಪೆಟ್ ಸದ್ದು ಎಲ್ಲಿ ಹೋಯ್ತು?

‘ಟ್ಯಾಪೆಟ್ ಬಡ್ಯಾಕತ್ತಾವ, ಒಮ್ಮಿ ನೋಡ್ರಿ.’ ನಿಪ್ಪಾಣಿ, ಚಿಕ್ಕೋಡಿ, ಅಥಣಿ ಕಡೆ ಹಳೆ ಬುಲೆಟ್ಟನ್ನು ಗ್ಯಾರೇಜಿಗೆ ತಂದವರ ಮೊದಲ ಮಾತು ಇದು. ಜಾವಾ, ಯೆಜ್ಡಿ ಇಟ್ಟವರಿಗೆ ಈ ರಗಳೆ ಇರಲಿಲ್ಲ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಆ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವೇ ಇಲ್ಲ, ಅದನ್ನು ತೆರೆಯುವ ಟ್ಯಾಪೆಟ್ಟೂ ಇಲ್ಲ, ಬಡಿಯುವುದೇನು?

ಬುಲೆಟ್ ಬೈಕ್ ತಯಾರಿಸಿದ ಎನ್‌ಫೀಲ್ಡ್ ಇಂಡಿಯಾ ಮದ್ರಾಸಿನಲ್ಲಿ ಶುರುವಾದದ್ದು 1955ರಲ್ಲಿ. ಆದರೆ ಟ್ಯಾಪೆಟ್ ಕೆಲಸವನ್ನು ಈ ಸೀಮೆಗೆ ಬುಲೆಟ್ಟೇ ಕಲಿಸಿತು ಎನ್ನಲಾರೆ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು; ಕಾಗವಾಡ ದಾಟಿ ಮಿರಜ್ ಹಾದರೆ ಅದು ದೂರವಲ್ಲ. 1946ರಲ್ಲಿ ಅವರದೇ ಮನೆತನದ ಆಯಿಲ್ ಎಂಜಿನ್ ಕಂಪನಿ ಹುಟ್ಟಿತು. ಕೊಲ್ಲಾಪುರದ ಫೌಂಡ್ರಿಗಳು ಬೆಳೆದದ್ದೂ ಕಬ್ಬಿಗೆ ನೀರೆತ್ತುವ ಎಂಜಿನ್ನುಗಳಿಂದಲೇ. ರಾಯಬಾಗ, ಅಥಣಿಯ ಹೊಳೆದಂಡೆಯಲ್ಲಿ ಪಂಪ್ ಎಂಜಿನ್ನಿನ ಟ್ಯಾಪೆಟ್ ಹೊಂದಿಸಿದ ಕೈಗೆ ಬುಲೆಟ್ ಏನು ಹೊಸದು?

ಹಳೆ ಬುಲೆಟ್‌ನ ಟ್ಯಾಪೆಟ್ ಹೊಂದಿಸಲು ಎಂಜಿನ್ ತಣ್ಣಗಿರಬೇಕು. ಬಲಬದಿಯ ಸಣ್ಣ ಮುಚ್ಚಳ ತೆಗೆದರೆ ಎರಡು ಪುಷ್‌ರಾಡ್ ಕಾಣುತ್ತವೆ. ಪಿಸ್ಟನ್ ಮೇಲಕ್ಕೆ ಬಂದು, ಎರಡೂ ವಾಲ್ವ್ ಮುಚ್ಚಿರುವಾಗ ಚೆಕ್‌ನಟ್ ಸಡಿಲಿಸಿ ಅಡ್ಜಸ್ಟರ್ ತಿರುಗಿಸುತ್ತಾ ಹೋಗಬೇಕು. ರಾಡು ಬೆರಳಿಗೆ ಸರಾಗವಾಗಿ ತಿರುಗಬೇಕು, ಮೇಲೆ ಕೆಳಗೆ ಮಾತ್ರ ಆಡಬಾರದು. ಫೀಲರ್ ಗೇಜ್ ಬೇಡ, ಬೆರಳೇ ಗೇಜ್. ಸಡಿಲಾದರೆ ಟಕಟಕ. ಬಿಗಿಯಾದರೆ ಸದ್ದಿಲ್ಲ, ಆದರೆ ಎಗ್ಜಾಸ್ಟ್ ವಾಲ್ವ್ ಸೀಟಿನ ಮೇಲೆ ಪೂರ್ತಿ ಕೂರದೆ ಸುಟ್ಟುಹೋಗುತ್ತದೆ. ಬಡಿಯುವ ಟ್ಯಾಪೆಟ್‌ಗಿಂತ ಸುಮ್ಮನಿರುವ ಟ್ಯಾಪೆಟ್‌ಗೇ ಹೆಚ್ಚು ಹೆದರಬೇಕು.

ಬುಲೆಟ್‌ನಂಥ, ಗಾಳಿಯಿಂದ ತಣಿಯುವ ಎಂಜಿನ್ನಿನಲ್ಲಿ ಬಿಸಿಯ ಏರಿಳಿತ ಜಾಸ್ತಿ, ಲೋಹದ ಹಿಗ್ಗು-ಕುಗ್ಗೂ ಜಾಸ್ತಿ. ಫೋಕ್ಸ್‌ವ್ಯಾಗನ್ ಬೀಟಲ್ ಕಾರಿಗೂ ಇದೇ ಪಾಡು, ಅದಕ್ಕೆ 0.15 ಮಿ.ಮೀ. ಸಂದು ಬಿಟ್ಟು ಆಗಾಗ ನೋಡುತ್ತಿರಬೇಕಿತ್ತು. ಹೈಡ್ರಾಲಿಕ್ ಲಿಫ್ಟರ್‌ನಲ್ಲಿ ಆ ಸಂದನ್ನು ಆಯಿಲ್ ಒತ್ತಡವೇ ತುಂಬುತ್ತದೆ. ಕ್ಯಾಡಿಲಾಕ್ 1930ರಷ್ಟು ಹಿಂದೆಯೇ ಈ ಉಪಾಯ ಬಳಸಿತ್ತು. ಬುಲೆಟ್ ಮನೆತನದಲ್ಲಿ ಅದು ರೂಢಿಗೆ ಬಂದದ್ದು 2009ರ ಸುಮಾರಿಗೆ, ಹೊಸ ಯುಸಿಇ (ಯೂನಿಟ್ ಕನ್‌ಸ್ಟ್ರಕ್ಷನ್) ಎಂಜಿನ್ ಜೊತೆ. ಬೆಳಿಗ್ಗೆ ಚಾಲೂ ಮಾಡಿದಾಗ ಆಯಿಲ್ ಏರುವತನಕ ನಾಲ್ಕು ಕ್ಷಣ ಟಕಟಕ ಕೇಳಬಹುದು, ಆಮೇಲೆ ಇಲ್ಲ. ಬಹಳ ಜನ ‘ಬುಲೆಟ್ ಸತ್ತಿತು’ ಎಂದು ಹಳಹಳಿಸಿದರು. ನನಗೇನೂ ಹಾಗನ್ನಿಸಲಿಲ್ಲ. ಆದರೆ ಆಯಿಲ್ ಹೊಲಸಾದರೆ ಲಿಫ್ಟರ್ ಹಿಡಿಯುತ್ತದೆ, ಆಗ ತಿರುಗಿಸಲು ನಟ್ಟಿಲ್ಲ, ಬಿಚ್ಚಿ ತೊಳೆಯಬೇಕು ಇಲ್ಲವೇ ಬದಲಿಸಬೇಕು. ಆಯಿಲ್ ಬದಲಿಸುವ ತಾರೀಖನ್ನು ಮುಂದೂಡುತ್ತಲೇ ಹೋಗುವ ನಮ್ಮವರಿಗೆ ಇದು ತುಟ್ಟಿ ಬಿತ್ತು.

2020ರಲ್ಲಿ ಅದೇ ಕಂಪನಿಯ ಮೀಟಿಯರ್ ಬೈಕಿನ ಜೊತೆ ಬಂದ ಜೆ-ಸರಣಿ ಎಂಜಿನ್ನಿನಲ್ಲಿ ಹೈಡ್ರಾಲಿಕ್ ಇಲ್ಲ, ಪುಷ್‌ರಾಡೂ ಇಲ್ಲ. ಕ್ಯಾಮ್ ಸಿಲಿಂಡರ್ ತಲೆಯ ಮೇಲೆ ಹೋಗಿದೆ, ಸ್ಕ್ರೂ ಮತ್ತು ಚೆಕ್‌ನಟ್ ತಿರುಗಿ ಬಂದಿವೆ. ಈ ಸಲ ಮಾತ್ರ ಬೆರಳಂದಾಜು ನಡೆಯದು, ಫೀಲರ್ ಗೇಜ್ ಬೇಕೇ ಬೇಕು.