ಇಪ್ಪತ್ತು ಮಿಲಿಮೀಟರ್ ತೂತಿನ ಸುತ್ತ ಒಂದು ಕಾರು

ಹಿರೇಕೆರೂರು ತಾಲ್ಲೂಕಿನ ಅಬಲೂರಿನ ಸುತ್ತಮುತ್ತ ಓಟದ ಗಾಡಿಯೆಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹಾವೇರಿ ಸೀಮೆಯ ಖಾಲಿ ಗಾಡಾ ಓಟದಲ್ಲಿ ನಿಗದಿತ ಸಮಯದೊಳಗೆ ಎತ್ತಿನ ಜೋಡಿ ಎಷ್ಟು ಅಡಿ ಓಡಿತೆಂದು ಅಳೆಯುತ್ತಾರೆ. ಆ ಕಟ್ಟು ಇಲ್ಲದಿದ್ದರೆ ಅದು ಬರೀ ಓಟ, ಪಂದ್ಯವಲ್ಲ. ಎಂಜಿನಿಯರಿಂಗ್ ವಿದ್ಯಾರ್ಥಿಗಳೇ ಕಟ್ಟಿ ಓಡಿಸುವ ಫಾರ್ಮುಲಾ ಸ್ಟೂಡೆಂಟ್ ರೇಸ್ ಕಾರಿಗೂ ಇದೇ ಮಾತು ಸಲ್ಲುತ್ತದೆ. ಅಮೆರಿಕದಲ್ಲಿ 1981ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದಿಂದ ಬೆಳೆದ ಸ್ಪರ್ಧೆಯಿದು. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ‘ಅಶ್ವ ರೇಸಿಂಗ್’ ತಂಡ ಹುಟ್ಟಿದ್ದು 2003ರಲ್ಲಿ. ಆಮೇಲೆ ನಮ್ಮ ದೇಶದಲ್ಲೇ ಸುಪ್ರಾ, ಫಾರ್ಮುಲಾ ಭಾರತ್ ಸ್ಪರ್ಧೆಗಳು ಬಂದವು. ಇಂಥ ಕಾರಿನ ಕೆಲಸ ವೆಲ್ಡಿಂಗ್‌ನಿಂದಲ್ಲ, ನಿಯಮಗಳ ಪುಸ್ತಕದಿಂದ ಶುರುವಾಗಬೇಕೆಂಬುದು ಈ ಲೇಖನದ ವಾದ.

ಅದಕ್ಕೆ ಒಂದೇ ಒಂದು ನಿಯಮ ಸಾಕ್ಷಿ. ಪೆಟ್ರೋಲ್ ಎಂಜಿನ್ ಉಸಿರಾಡುವ ಗಾಳಿಯೆಲ್ಲ 20 ಮಿಲಿಮೀಟರ್ ಅಗಲದ ಒಂದೇ ದುಂಡು ತೂತಿನ ಮೂಲಕ ಹೋಗಬೇಕು. ಹೊಸ ಒಂದು ರೂಪಾಯಿ ನಾಣ್ಯದಷ್ಟು ತೂತು! ಇದಕ್ಕೆ ರಿಸ್ಟ್ರಿಕ್ಟರ್ ಎನ್ನುತ್ತಾರೆ. ಆ ಕಿರಿದಾದ ಕಂಠದಲ್ಲಿ ಗಾಳಿಯ ವೇಗ ಶಬ್ದದ ವೇಗವನ್ನು ಮುಟ್ಟಿದ ಮೇಲೆ ಎಂಜಿನ್ ಎಷ್ಟು ಎಳೆದರೂ ಹೆಚ್ಚು ಗಾಳಿ ಬರುವುದಿಲ್ಲ. ಸೆಕೆಂಡಿಗೆ ಸುಮಾರು 70 ಗ್ರಾಂ ಗಾಳಿ, ಅಷ್ಟೇ. ನಿಯಮ 710 ಸಿಸಿವರೆಗಿನ ಎಂಜಿನ್ ಬಳಸಲು ಬಿಡುತ್ತದೆ. ಮೊದಲು ಈ ಮಿತಿ 610 ಇತ್ತು. ಹಾಗಾದರೆ ದೊಡ್ಡ ಎಂಜಿನ್ನೇ ಲೇಸಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ: 600 ಸಿಸಿಯ ಎಂಜಿನ್ ನಿಮಿಷಕ್ಕೆ 12,000 ಸುತ್ತು ತಿರುಗುವ ಹೊತ್ತಿಗೆ ಆ 70 ಗ್ರಾಂ ಮುಗಿದುಹೋಗುತ್ತದೆ. ಅಲ್ಲಿಂದ ಮುಂದೆ ಅದು ಬಾಯಿ ಕಟ್ಟಿದ ಎತ್ತು. ನಮ್ಮ ತಂಡಗಳು ಬಳಸುವ ಕೆಟಿಎಂ 390 ಬೈಕಿನ 373 ಸಿಸಿ ಎಂಜಿನ್ 9,000 ಸುತ್ತಿನಲ್ಲೂ ಸರಾಸರಿ ಇದರ ಅರ್ಧದಷ್ಟು ಗಾಳಿಯನ್ನೇ ಕೇಳುತ್ತದೆ. ಅದು ಹಗುರ, ಬಿಡಿಭಾಗ ಇಲ್ಲೇ ಸಿಗುತ್ತವೆ. ಆದರೆ ಒಂದೇ ಸಿಲಿಂಡರ್ ಇರುವುದರಿಂದ ಗಾಳಿಯನ್ನು ಗುಟುಕು ಗುಟುಕಾಗಿ ಎಳೆಯುತ್ತದೆ. ಆ ಗುಟುಕನ್ನು ತಡೆದುಕೊಳ್ಳಲು ತೂತಿನ ಹಿಂದೆ ಲಾಳಿಕೆಯಂತೆ ನಿಧಾನವಾಗಿ ಅಗಲವಾಗುವ ಕೊಳವೆ, ಅದರ ಹಿಂದೆ ಗಾಳಿಯ ಡಬ್ಬಿ ಬೇಕು. ಡಬ್ಬಿಗೆ ಜಾಗ ಬೇಕು, ಜಾಗಕ್ಕೆ ತಕ್ಕಂತೆ ಚಾಸಿಸ್ ಬಾಗಬೇಕು. ಹೀಗೆ ನಾಣ್ಯದಷ್ಟು ತೂತು ಇಡೀ ಕಾರಿನ ಆಕಾರವನ್ನೇ ನಿರ್ಧರಿಸುತ್ತದೆ.

ಇಷ್ಟೊಂದು ಕಟ್ಟುಪಾಡು ಹುಡುಗರ ಕಲ್ಪನೆಯನ್ನು ಕಟ್ಟಿಹಾಕುವುದಿಲ್ಲವೇ? ಈ ಆಕ್ಷೇಪ ಹಳೆಯದು. ಆದರೆ ಮಿತಿ ಇಲ್ಲದಿದ್ದರೆ ಹಣವಿದ್ದವರ ದೊಡ್ಡ ಎಂಜಿನ್ ಗೆಲ್ಲುತ್ತದೆ. ಮಿತಿ ಇದ್ದಾಗ ಲೆಕ್ಕ ಗೆಲ್ಲುತ್ತದೆ. ಅಮೆರಿಕದ ಮೂಲ ಸ್ಪರ್ಧೆಯಲ್ಲಿ ಒಟ್ಟು 1,000 ಅಂಕಗಳಲ್ಲಿ ವಿನ್ಯಾಸಕ್ಕೆ 150, ವೆಚ್ಚದ ಲೆಕ್ಕಕ್ಕೆ 100, ವ್ಯವಹಾರದ ಮಂಡನೆಗೆ 75. ಅಂದರೆ 325 ಅಂಕ ಚಕ್ರ ಉರುಳದೆಯೇ ತೀರ್ಮಾನವಾಗುತ್ತವೆ. 75 ಮೀಟರ್ ನೇರ ಓಟಕ್ಕೆ ಇರುವುದು 100 ಅಂಕ. ಸುಮಾರು 22 ಕಿಲೋಮೀಟರಿನ ಎಂಡ್ಯೂರೆನ್ಸ್ ಓಟಕ್ಕೆ 275. ಈ ಅಂಕಪಟ್ಟಿಯನ್ನು ಓದಿದ ತಂಡ ಅತಿ ವೇಗದ ಕಾರಿಗಿಂತ ಕೊನೆಯವರೆಗೂ ಕೆಡದ ಕಾರನ್ನು ಯೋಜಿಸುತ್ತದೆ. ಸ್ಪರ್ಧೆಯ ಹಿಂದಿನ ರಾತ್ರಿವರೆಗೂ ಹೊಸ ಭಾಗ ಕೂಡಿಸುತ್ತ ಕೂರುವುದಕ್ಕಿಂತ, ವಿನ್ಯಾಸವನ್ನು ಒಂದು ದಿನಾಂಕಕ್ಕೆ ನಿಲ್ಲಿಸಿ, ಉಳಿದ ವಾರಗಳನ್ನು ಓಡಿಸಿ ನೋಡಲು ಇಡುವುದೇ ಜಾಣತನ.

ಖರ್ಚಿನ ಮಾತು ಮಾತ್ರ ತಳ್ಳಿಹಾಕುವಂಥದ್ದಲ್ಲ. ಪ್ರಾಯೋಜಕರು ಬೆಂಗಳೂರಿನಲ್ಲಿದ್ದಾರೆ, ಪುಣೆಯಲ್ಲಿದ್ದಾರೆ. ಹಳ್ಳಿಯಿಂದ ಬಂದ ಮಕ್ಕಳೇ ಹೆಚ್ಚಿರುವ ಕಾಲೇಜಿನ ಬಾಗಿಲಿಗೆ ಅವರು ತಾವಾಗಿ ಬರುವುದಿಲ್ಲ. ಆದರೆ ಇಲ್ಲಿ ದುಬಾರಿಯಾದದ್ದು ಕಾರು, ಯೋಜನೆಯಲ್ಲ. ನಿಯಮಗಳ ಪುಸ್ತಕ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಗಾಳಿಯ ಲೆಕ್ಕಕ್ಕೆ ಕಾಗದ, ಪೆನ್ಸಿಲ್ ಸಾಕು. ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ಬೆಸುಗೆಯ ಕೈಗಳು ನಮ್ಮ ಊರುಗಳಲ್ಲೇ ಇವೆ. ಹಾವೇರಿಯ ದೇವಗಿರಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇದೆ. ಅಲ್ಲಿ ಓದುವ ಅಬಲೂರಿನ ಹುಡುಗನಿಗೋ ಹುಡುಗಿಗೋ ಯಾರಾದರೂ ಆ ಪುಸ್ತಕದ ಮೊದಲ ಪುಟ ತೆರೆದು ತೋರಿಸಲಿ.