ಗೊಡ್ಡು ಎನ್ನುವ ಮೊದಲು

ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ನಮ್ಮ ಮನೆಗಳಲ್ಲಿ ಕನ್ನಡ, ತೆಲುಗು ಎರಡೂ ಬಳಕೆಯಲ್ಲಿವೆ. ಆಕಳು ‘ಬೆದೆ’ಗೆ ಬಂದಿತೆಂದು ನಾವು ಹೇಳಿದರೆ, ತೆಲುಗಿನವರು ‘ಎದ’ಕ್ಕೆ ಬಂದಿತೆನ್ನುವರು. ‘ಗೊಡ್ಡು’ ಎಂಬ ಮಾತಂತೂ ಎರಡು ಭಾಷೆಗಳಲ್ಲಿಯೂ ಒಂದೇ. ಆ ಹೆಸರು ಬಿದ್ದ ಆಕಳು ಸಂತೆಯ ದಾರಿ ಹಿಡಿಯುತ್ತದೆ. ತರಗತಿಯಲ್ಲಿ ಈ ಪದದ ಅರ್ಥ ಹೇಳುತ್ತಿದ್ದಾಗ ಒಬ್ಬ ವಿದ್ಯಾರ್ಥಿ, “ಹಾಗೆ ಮಾರಿದ ಆಕಳೆಲ್ಲ ನಿಜವಾಗಿಯೂ ಗೊಡ್ಡೇ ಸಾರ್?” ಎಂದು ಕೇಳಿದನು. ಆ ಪ್ರಶ್ನೆಗೆ ಉತ್ತರವಾಗಿ ಈ ಲೇಖನ.

ಕರುವಿಗೆ ಮೂಲವಾದ ಅಂಡವು ಆಕಳಿನ ಅಂಡಾಶಯದಲ್ಲಿ ಬೆಳೆಯುತ್ತದೆ. ಆದರೆ ಅಂಡಾಶಯವು ತಾನಾಗಿಯೇ ಕೆಲಸ ಮಾಡುವುದಿಲ್ಲ. ರಕ್ತದ ಮೂಲಕ ಸುದ್ದಿ ಒಯ್ಯುವ ಹಾರ್ಮೋನುಗಳು ಅದನ್ನು ನಡೆಸುತ್ತವೆ. ಮೊದಲ ಅಪ್ಪಣೆ ಮೆದುಳಿನದು. ಇಂತಹ ಮೆದುಳಿನ ಹಾರ್ಮೋನುಗಳನ್ನು ಕುರಿ, ಹಂದಿಗಳ ಮೆದುಳಿನಿಂದ ಬೇರ್ಪಡಿಸಿ ತೋರಿಸಿದ ಗಿಯೆಮಿನ್ ಮತ್ತು ಶಾಲಿ ಎಂಬ ವಿಜ್ಞಾನಿಗಳು 1977ರಲ್ಲಿ ನೊಬೆಲ್ ಬಹುಮಾನ ಪಡೆದರು.

ಮೆದುಳಿನ ಅಪ್ಪಣೆಯಂತೆ ಅದರ ಕೆಳಗಿರುವ ಪಿಟ್ಯುಟರಿ ಗ್ರಂಥಿಯು ಎಫ್.ಎಸ್.ಎಚ್. ಎಂಬ ಹಾರ್ಮೋನನ್ನು ಕಳಿಸುತ್ತದೆ. ಆಗ ಅಂಡಾಶಯದಲ್ಲಿ ನೀರ್ಗುಳ್ಳೆಯಂತಹ ಅಂಡಕೋಶಗಳು ಬೆಳೆಯುತ್ತವೆ. ಸಾಮಾನ್ಯವಾಗಿ ಅವುಗಳಲ್ಲಿ ಒಂದು ಮಾತ್ರ ಬಲಿಯುತ್ತದೆ. ಅದರಿಂದ ಹೊರಟ ಈಸ್ಟ್ರೋಜನ್ ಆಕಳನ್ನು ಬೆದೆಗೆ ತರುತ್ತದೆ. ಆಕಳು ಕೂಗುತ್ತದೆ, ಮೇವು ಬಿಡುತ್ತದೆ, ತಿಳಿಯಾದ ಲೋಳೆ ಹಾಕುತ್ತದೆ, ಬೇರೆ ದನ ಮೇಲೇರಿದರೆ ಅಲುಗದೆ ನಿಲ್ಲುತ್ತದೆ. ಈ ಸ್ಥಿತಿ ಸುಮಾರು 12ರಿಂದ 18 ಗಂಟೆ ಮಾತ್ರ. ಎಲ್.ಎಚ್. ಎಂಬ ಇನ್ನೊಂದು ಹಾರ್ಮೋನು ಉಕ್ಕಿ ಬಂದು, ಬೆದೆ ಇಳಿದ 10–12 ಗಂಟೆಗಳ ನಂತರ ಕೋಶವೊಡೆದು ಅಂಡ ಹೊರಬರುತ್ತದೆ. ಆದ್ದರಿಂದಲೇ ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು.

ಕೋಶವೊಡೆದ ಜಾಗದಲ್ಲಿ ಹಳದಿ ಗಂಟೊಂದು ಬೆಳೆದು ಪ್ರೊಜೆಸ್ಟರಾನನ್ನು ಸುರಿಸುತ್ತದೆ. ಇದು ಗರ್ಭಕೋಶವನ್ನು ಸಿದ್ಧಗೊಳಿಸಿ, ಮುಂದಿನ ಬೆದೆಯನ್ನು ತಡೆಯುತ್ತದೆ. ಗಬ್ಬ ಕಟ್ಟಿದರೆ ಗಂಟು ಉಳಿಯುತ್ತದೆ. ಸುಮಾರು 280 ದಿನಗಳಲ್ಲಿ ಕರು ಹುಟ್ಟುತ್ತದೆ. ಕಟ್ಟದಿದ್ದರೆ ಗರ್ಭಕೋಶವೇ ಪ್ರೋಸ್ಟಗ್ಲಾಂಡಿನ್ ಕಳಿಸಿ ಗಂಟನ್ನು ಕರಗಿಸುತ್ತದೆ. ಸುಮಾರು 21 ದಿನಕ್ಕೆ ಮತ್ತೆ ಬೆದೆ ಬರುತ್ತದೆ.

ಈ ಸರಪಳಿ ಎಲ್ಲಿ ಬೇಕಾದರೂ ತುಂಡಾಗಬಹುದು. ಮೇವು ಸಾಲದೆ ಬಡವಾದ ಆಕಳಿಗೆ ಮೆದುಳಿನ ಅಪ್ಪಣೆಯೇ ಕುಗ್ಗುತ್ತದೆ. ಗರ್ಭಕೋಶದಲ್ಲಿ ಕೀವಾದರೆ ಹಳದಿ ಗಂಟು ಕರಗದೆ ಉಳಿಯುತ್ತದೆ. ಬೇಸಿಗೆಯಲ್ಲಿ ಎಮ್ಮೆಯ ಬೆದೆ ಕಣ್ಣಿಗೆ ಕಾಣದಂತೆ ಕಳೆದುಹೋಗುವುದುಂಟು. ಇವುಗಳಲ್ಲಿ ಹೆಚ್ಚಿನವಕ್ಕೆ ಪರಿಹಾರವಿದೆ.

ಪೋಷಕರಲ್ಲಿ ಒಂದು ವಿನಂತಿ. ಗಂಟು ಕರಗಿಸುವ ಪ್ರೋಸ್ಟಗ್ಲಾಂಡಿನ್ ಚುಚ್ಚುಮದ್ದು ಇದೆ. ಆದರೆ ಗಬ್ಬದ ಆಕಳಿಗೆ ಅದನ್ನು ಕೊಟ್ಟರೆ ಕಂದು ಹಾಕೀತು. ಅದು ಚರ್ಮದ ಮೂಲಕವೂ ಒಳಸೇರುವುದರಿಂದ ಗರ್ಭಿಣಿಯರು, ದಮ್ಮಿನ ರೋಗದವರು ಅದನ್ನು ಮುಟ್ಟಬಾರದು. ಪಶುವೈದ್ಯರು ಪರೀಕ್ಷಿಸಿದ ಮೇಲೆ ಅವರ ಕೈಯಿಂದಲೇ ಹಾಕಿಸಿರಿ.

ವಿದ್ಯಾರ್ಥಿಗಳೇ, ನಿಮ್ಮಿಂದಲೂ ಒಂದು ಕೆಲಸವಾಗಬೇಕು. ಬೆದೆ ಕಂಡ ದಿನಕ್ಕೆ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ. 18ರಿಂದ 24ನೆಯ ದಿನದವರೆಗೆ ಬೆಳಿಗ್ಗೆ, ಸಂಜೆ ಕೊಟ್ಟಿಗೆಯಲ್ಲಿ ನಿಂತು ನೋಡಿರಿ. ಮೂರು ಸಲ ಪ್ರಯತ್ನಿಸಿದರೂ ಗಬ್ಬ ಕಟ್ಟದಿದ್ದರೆ ಆ ಲೆಕ್ಕದೊಡನೆ ಆಕಳನ್ನು ಪಶು ಆಸ್ಪತ್ರೆಗೆ ಕರೆದೊಯ್ಯಲು ಅಪ್ಪನಿಗೆ ಹೇಳಿರಿ. ಸಂತೆಯ ಯೋಚನೆ ಆಮೇಲೆ.