ಹಲವು ಸಂಸ್ಕಾರಕಗಳ ಗಣಕ

ಮದುವೆಯ ಮನೆಯಲ್ಲಿ ಒಬ್ಬನೇ ಬಾಣಸಿಗನು ಸಾವಿರ ಜನರ ಅಡಿಗೆಯನ್ನು ಹೊತ್ತಿಗೆ ಸರಿಯಾಗಿ ಮುಗಿಸಲಾರನು. ಅವನನ್ನು ಅವಸರಪಡಿಸುವುದಕ್ಕೂ ಒಂದು ಮಿತಿಯುಂಟು. ಅದನ್ನು ಮೀರಿದಾಗ ಇನ್ನೂ ಕೆಲವರನ್ನು ಕೂಡಿಸಿಕೊಳ್ಳಬೇಕಾಗುವುದು. ಗಣಕಯಂತ್ರದ ಪಾಡೂ ಹೀಗೆಯೇ. ಗಣಕದಲ್ಲಿ ಲೆಕ್ಕಮಾಡುವ ಅಂಗಕ್ಕೆ ಪ್ರೊಸೆಸರ್ ಅಥವಾ ಸಂಸ್ಕಾರಕವೆಂದು ಹೆಸರು. ಹಲವು ಸಂಸ್ಕಾರಕಗಳಿಂದ ಒಟ್ಟಿಗೆ ಕೆಲಸ ಮಾಡಿಸಲು ಎರಡು ಬಗೆಗಳುಂಟು. ಅವುಗಳ ಭೇದವೇನೆಂಬುದನ್ನು ವಿಚಾರಿಸೋಣ.

ಮೊದಲನೆಯದು, ಪ್ರತ್ಯೇಕ ಸಂಸ್ಕಾರಕಗಳನ್ನು ಒಂದೇ ಗಣಕದಲ್ಲಿ ಜೋಡಿಸುವ ಬಗೆ. ಇದು ಹಳೆಯದು. 1962ರಲ್ಲಿ ಅಮೆರಿಕದ ಬರೋಸ್ ಸಂಸ್ಥೆಯು ಹೊರತಂದ ಡಿ825 ಎಂಬ ಗಣಕದಲ್ಲಿ ನಾಲ್ಕು ಸಂಸ್ಕಾರಕಗಳವರೆಗೆ ಒಂದೇ ಸ್ಮೃತಿಯನ್ನು ಹಂಚಿಕೊಂಡು ದುಡಿಯಬಹುದಾಗಿದ್ದಿತು. ಎರಡನೆಯದು, ಒಂದೇ ಸಿಲಿಕಾನ್ ಬಿಲ್ಲೆಯ ಮೇಲೆ ಹಲವು ಸಂಸ್ಕಾರಕಗಳನ್ನು ರೂಪಿಸುವ ಬಗೆ. ಇವುಗಳಲ್ಲಿ ಒಂದೊಂದನ್ನೂ ಕೋರ್ ಎನ್ನುವರು. ಐಬಿಎಂ ಸಂಸ್ಥೆಯ ಪವರ್4 ಬಿಲ್ಲೆಯು 2001ರಲ್ಲಿ ಎರಡು ಕೋರ್‌ಗಳೊಡನೆ ಬಂದಿತು. 2005ರಲ್ಲಿ ಇಂಟೆಲ್ ಮತ್ತು ಎಎಂಡಿ ಸಂಸ್ಥೆಗಳ ಇಂತಹ ಬಿಲ್ಲೆಗಳು ಮನೆಯ ಗಣಕಗಳನ್ನೂ ಸೇರಿದವು.

ಈ ಹೊಸ ಬಗೆಗೆ ಮುಖ್ಯ ಕಾರಣವು ಶಾಖ. 2004ರ ವೇಳೆಗೆ ಸಂಸ್ಕಾರಕದ ಗಡಿಯಾರವು ಸೆಕೆಂಡಿಗೆ 380 ಕೋಟಿ ಸಲ ಮಿಡಿಯುವಷ್ಟು ಚುರುಕಾಗಿದ್ದಿತು. ವೇಗವನ್ನು ಇನ್ನೂ ಹೆಚ್ಚಿಸಿದರೆ ಬಿಲ್ಲೆಯು ತಡೆಯಲಾಗದಷ್ಟು ಬಿಸಿಯಾಗುತ್ತಿದ್ದಿತು. ಆದುದರಿಂದ ಒಂದೇ ಕೋರನ್ನು ಓಡಿಸುವ ಬದಲು ಕೋರ್‌ಗಳ ಸಂಖ್ಯೆಯನ್ನು ಹೆಚ್ಚಿಸಿದರು.

ಎರಡು ಬಗೆಗಳ ತಾರತಮ್ಯವು ದೂರದಲ್ಲಿದೆ. ಗಡಿಯಾರವು ಸೆಕೆಂಡಿಗೆ 300 ಕೋಟಿ ಸಲ ಮಿಡಿಯುವುದೆನ್ನೋಣ. ಒಂದು ಮಿಡಿತದ ಅವಧಿಯಲ್ಲಿ ಬೆಳಕು ಸಹ ಕೇವಲ 10 ಸೆಂಟಿಮೀಟರ್, ಎಂದರೆ ಅರ್ಧ ಗೇಣಿನಷ್ಟು ಮಾತ್ರ ಸಾಗಬಲ್ಲುದು! ತಂತಿಯಲ್ಲಿ ಹರಿಯುವ ಸಂಕೇತವು ಇನ್ನೂ ನಿಧಾನ. ಒಂದೇ ಬಿಲ್ಲೆಯ ಕೋರ್‌ಗಳ ನಡುವಣ ಅಂತರವು ಮಿಲಿಮೀಟರುಗಳಷ್ಟೆ; ಪ್ರತ್ಯೇಕ ಬಿಲ್ಲೆಗಳ ನಡುವಣ ಅಂತರ ಅನೇಕ ಸೆಂಟಿಮೀಟರು. ಒಬ್ಬನು ಬದಲಿಸಿದ ಅಂಕೆಯ ಹಳೆಯ ಪ್ರತಿಯನ್ನು ಮತ್ತೊಬ್ಬನು ಬಳಸದಂತೆ ಸಂಸ್ಕಾರಕಗಳು ಪದೇ ಪದೇ ಸುದ್ದಿ ಕಳುಹಿಸಿಕೊಳ್ಳಬೇಕು. ಈ ಮಾತುಕತೆ ನೆರೆಯವರಲ್ಲಿ ಸುಲಭ, ದೂರದವರಲ್ಲಿ ದುಬಾರಿ.

ಹಾಗಾದರೆ ನೆರೆಯೇ ಮೇಲೆಂದು ಹೇಳಬಹುದೆ? ಅಷ್ಟು ಸುಲಭವಲ್ಲ. ಒಂದೇ ಅಡಿಗೆಮನೆಯಲ್ಲಿ ಇರುವವರೆಲ್ಲರೂ ಒಂದೇ ಉಗ್ರಾಣದ ಬಾಗಿಲಲ್ಲಿ ಕಾಯಬೇಕು. ಅಂತೆಯೇ ಒಂದು ಬಿಲ್ಲೆಯ ಕೋರ್‌ಗಳೆಲ್ಲವೂ ಸ್ಮೃತಿಗೆ ಹೋಗುವ ದಾರಿಯನ್ನು ಹಂಚಿಕೊಳ್ಳುವುವು. ಪ್ರತ್ಯೇಕ ಸಂಸ್ಕಾರಕಗಳಾದರೋ ಇಂದಿನ ದೊಡ್ಡ ಗಣಕಗಳಲ್ಲಿ ತಂತಮ್ಮ ಸ್ಮೃತಿಯನ್ನೂ ಅದರ ದಾರಿಯನ್ನೂ ಪಡೆದಿರುತ್ತವೆ. ಪರರ ಉಗ್ರಾಣದಿಂದ ತರಬೇಕಾದಾಗ ಮಾತ್ರ ತಡವಾಗುವುದು.

ಎರಡಕ್ಕೂ ಅನ್ವಯಿಸುವ ಒಂದು ಮಿತಿಯನ್ನು 1967ರಲ್ಲಿ ಜೀನ್ ಆಮ್ಡಾಲ್ ಎತ್ತಿ ತೋರಿಸಿದನು. 100 ನಿಮಿಷದ ಲೆಕ್ಕವೊಂದರಲ್ಲಿ 10 ನಿಮಿಷದ ಭಾಗವನ್ನು ಹಂಚಲು ಬಾರದೆಂದು ಭಾವಿಸಿರಿ. ಉಳಿದ 90 ನಿಮಿಷದ ಕೆಲಸವನ್ನು ಹತ್ತು ಸಂಸ್ಕಾರಕಗಳಿಗೆ ಹಂಚಿದರೆ 9 ನಿಮಿಷ ಹಿಡಿಯುವುದು. ಒಟ್ಟು 19 ನಿಮಿಷ. ಹತ್ತು ಪಟ್ಟು ಕೈ ಸೇರಿದರೂ ವೇಗವು ಸುಮಾರು ಐದು ಪಟ್ಟು ಮಾತ್ರ! ಸಾವಿರ ಸಂಸ್ಕಾರಕಗಳನ್ನು ತಂದರೂ 10 ನಿಮಿಷಕ್ಕಿಂತ ಮೊದಲು ಕೆಲಸ ಮುಗಿಯದು.

ಇಂದು ದೊಡ್ಡ ಗಣಕಗಳು ಎರಡು ಬಗೆಗಳನ್ನೂ ಬೆರೆಸುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ ಪರಮ್ ಪ್ರವೇಗದಲ್ಲಿ ಬಹುಕೋರ್ ಸಂಸ್ಕಾರಕಗಳನ್ನೇ ಹೇರಳವಾಗಿ ಜೋಡಿಸಿದ್ದಾರೆ. ಆದರೆ ಯಂತ್ರವೆಷ್ಟೇ ದೊಡ್ಡದಾದರೂ ಲೆಕ್ಕವನ್ನು ಹಂಚುವ ಜಾಣ್ಮೆಯು ಆದೇಶಗಳನ್ನು ಬರೆಯುವ ಮನುಷ್ಯನದು. ಕೋರ್‌ಗಳೆಷ್ಟೆಂದು ಎಣಿಸುವ ಮೊದಲು, ಅವುಗಳಿಗೆ ಒಪ್ಪಿಸುವ ಕೆಲಸವು ಎಷ್ಟರಮಟ್ಟಿಗೆ ಹಂಚಿಕೊಳ್ಳಲು ಬರುವುದೆಂದು ವಿದ್ಯಾರ್ಥಿಯು ವಿಚಾರಿಸುವುದು ಲೇಸು.